ಮೈಸೂರಿನ ಕೆರೆಗಳಿಗೆ ಹೊರಡುವ ಮುನ್ನ: ತಿಂಗಳಿಗಿಂತ ನೀರಿನ ಮಟ್ಟ ಮುಖ್ಯ

ಮೈಸೂರಿನ ಕೆರೆಗಳಲ್ಲಿ ಹಕ್ಕಿ ನೋಡಲು ಯಾವ ತಿಂಗಳು ಒಳ್ಳೆಯದು ಎಂದು ಯಾರನ್ನು ಕೇಳಿದರೂ ನವೆಂಬರ್‌ನಿಂದ ಫೆಬ್ರವರಿ ಎನ್ನುತ್ತಾರೆ. ತಪ್ಪೇನಿಲ್ಲ, ಆದರೆ ಅದು ಅರ್ಧ ಉತ್ತರ. ಹಿಂಗಾರು ಜೋರಾಗಿ ಸುರಿದು ಕೆರೆ ಕೋಡಿಮಟ್ಟಕ್ಕೆ ತುಂಬಿ ನಿಂತಿರುವ ಡಿಸೆಂಬರ್‌ನಲ್ಲಿ ಹೋದವರಿಗೆ ನೀರುಕಾಗೆ, ನಾಮದ ಕೋಳಿ, ದೂರದಲ್ಲಿ ತೇಲುವ ಹೆಜ್ಜಾರ್ಲೆ (ಪೆಲಿಕನ್) ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಅದೇ ಕೆರೆ ಮಾರ್ಚ್ ಹೊತ್ತಿಗೆ ಒಂದೆರಡು ಅಡಿ ಇಳಿದು ಅಂಚಿನಲ್ಲಿ ಕೆಸರು ಬಿಟ್ಟಿತೆಂದರೆ ಅಲ್ಲಿನ ಚಿತ್ರವೇ ಬೇರೆ.

ನೀರಹಕ್ಕಿ ಎಲ್ಲಿ ಮೇಯಬೇಕೆಂದು ಗೊತ್ತುಮಾಡುವುದು ಅದರ ಕಾಲು ಮತ್ತು ಕೊಕ್ಕಿನ ಉದ್ದ. ಗದ್ದೆಗೊರವಗಳಂಥ ಸಣ್ಣ ಕೆಸರುಹಕ್ಕಿಗಳಿಗೆ ಒದ್ದೆ ಕೆಸರು, ಹೆಚ್ಚೆಂದರೆ ಎರಡು ಅಂಗುಲ ನೀರು ಸಾಕು. ಮೆಟ್ಟುಗಾಲು ಹಕ್ಕಿ ಇನ್ನಷ್ಟು ಒಳಗೆ ಇಳಿಯುತ್ತದೆ. ಬಾತುಗಳು ಬಾಲ ಮೇಲೆತ್ತಿ ತಲೆ ಮುಳುಗಿಸಿ ನೆಲದ ಗಿಡ ಕಿತ್ತು ತಿನ್ನುವುದರಿಂದ ಅವುಗಳ ಕತ್ತು ತಲುಪುವಷ್ಟೇ ಆಳ ಇರಬೇಕು. ಬಣ್ಣದ ಕೊಕ್ಕರೆಯನ್ನು ಒಮ್ಮೆ ಪುರುಸೊತ್ತಾಗಿ ನೋಡಿ: ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿಟ್ಟು ಎಡಕ್ಕೂ ಬಲಕ್ಕೂ ಆಡಿಸುತ್ತ ನಡೆಯುತ್ತದೆ, ಕಾಲಿನಿಂದ ಕೆಸರು ಕದಡುತ್ತದೆ, ನಡುನಡುವೆ ಒಂದು ರೆಕ್ಕೆಯನ್ನು ಥಟ್ಟನೆ ಬಿಚ್ಚಿ ಮೀನನ್ನು ಬೆದರಿಸುತ್ತದೆ. ಮೀನು ಕೊಕ್ಕಿಗೆ ತಾಗಿದ್ದೇ ತಡ, ಕೊಕ್ಕು ಮುಚ್ಚುತ್ತದೆ. ಕಾಲು ನೆಲಕ್ಕೆ ಸಿಗದಷ್ಟು ನೀರಿದ್ದರೆ ಈ ಬೇಟೆ ನಡೆಯುವುದೇ ಇಲ್ಲ. ಹಾಗಾಗಿ ತುಂಬಿದ ಕೆರೆಯಲ್ಲಿ ಕೊಕ್ಕರೆ ಮರದ ಮೇಲೆ ಮಾತ್ರ ಕಾಣುತ್ತದೆ, ಮೇಯಲು ಊರಾಚೆಯ ಗದ್ದೆ, ನಾಲೆಗಳಿಗೆ ಹೋಗುತ್ತದೆ.

ಮೈಸೂರಿನ ಮಳೆಯ ಲೆಕ್ಕವೂ ತಿಳಿದಿರಲಿ. ಮಲೆನಾಡಿನಂತೆ ಇಲ್ಲಿ ಜುಲೈಗೆ ಕೆರೆ ತುಂಬುವುದಿಲ್ಲ. ಮೇ ತಿಂಗಳ ಗುಡುಗುಮಳೆ ಒಂದು, ಸೆಪ್ಟೆಂಬರ್-ಅಕ್ಟೋಬರ್ ಮಳೆ ಇನ್ನೊಂದು, ಇವೆರಡೇ ದೊಡ್ಡವು. ಅಕ್ಟೋಬರ್ ಕೊನೆಗೆ ನೀರು ಏರಿರುತ್ತದೆ, ಅಲ್ಲಿಂದ ಏಪ್ರಿಲ್‌ವರೆಗೆ ಇಳಿಯುತ್ತ ಹೋಗುತ್ತದೆ. ಇನ್ನೊಂದು ಕಡೆ, ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಡಿಸೆಂಬರ್-ಜನವರಿಯಲ್ಲಿ ಗೂಡು ಕಟ್ಟಲು ಶುರುಮಾಡಿ ಮೇವರೆಗೂ ಮರಿ ಸಾಕುತ್ತವೆ. ಉತ್ತರದಿಂದ ಬಂದ ಬಿಳಿಹುಬ್ಬಿನ ಬಾತು, ಅಡವಿ ಗದ್ದೆಗೊರವಗಳು ಮಾರ್ಚ್‌ನಲ್ಲೂ ಇನ್ನೂ ಇಲ್ಲೇ ಇರುತ್ತವೆ. ಮೂರೂ ಕೂಡಿಬರುವ ಕಾಲ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ವರ್ಷಕ್ಕೆ ಒಂದೇ ಸಲ ಬರಲು ಸಾಧ್ಯವಿದ್ದರೆ ಆಗ ಬನ್ನಿ ಎಂಬುದು ನನ್ನ ಖಚಿತ ಸಲಹೆ.

ನೀರು ಎಷ್ಟಿದೆಯೆಂದು ಮನೆಯಲ್ಲೇ ಕೂತು ತಿಳಿಯುವುದು ಕಷ್ಟವಲ್ಲ. ಹಕ್ಕಿ ನೋಡುವವರು ತಾವು ಕಂಡದ್ದನ್ನು ಪಟ್ಟಿಮಾಡಿ ಹಾಕುವ ಇ-ಬರ್ಡ್ ಜಾಲತಾಣದಲ್ಲಿ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಮೂರು ಕೆರೆಗಳಿಗೂ ಪ್ರತ್ಯೇಕ ಪುಟಗಳಿವೆ. ಕಳೆದ ಎರಡು ವಾರಗಳ ಪಟ್ಟಿಗಳನ್ನು ತೆರೆದು ನೋಡಿ. ಗದ್ದೆಗೊರವ, ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಹತ್ತಾರು ಸಂಖ್ಯೆಯಲ್ಲಿದ್ದರೆ ಕೆಸರು ತೆರೆದುಕೊಂಡಿದೆ ಎಂದೇ ಅರ್ಥ. ಬರೀ ನೀರಲ್ಲಿ ಮುಳುಗಿ ಮೇಯುವ ನೀರುಕಾಗೆ, ಗುಳುಮುಳುಕ ಇದ್ದರೆ ಕೆರೆ ತುಂಬಿದೆ. ಪಟ್ಟಿಯ ಜೊತೆ ಹಾಕಿದ ಫೋಟೋಗಳಲ್ಲಿ ಹಕ್ಕಿಗಿಂತ ಹಿಂದಿನ ದಡದ ಕಡೆ ಕಣ್ಣು ಹಾಯಿಸಿ. ಸ್ಥಳಕ್ಕೆ ಬಂದ ಮೇಲಾದರೆ ಏರಿಯ ಕಲ್ಲುಕಟ್ಟಡವೇ ಅಳತೆಗೋಲು. ನೀರಿದ್ದಷ್ಟು ಕಾಲ ಕಲ್ಲಿನ ಮೇಲೆ ಕೂತ ಕೆಸರು ಒಣಗಿ ಮಾಸಲು ಬಿಳಿ ಪಟ್ಟಿಯಾಗಿರುತ್ತದೆ. ಈಗಿನ ನೀರು ಆ ಪಟ್ಟಿಯ ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಕೆರೆ ಅಷ್ಟು ಇಳಿದಿದೆ.

ಈಗ ಮೂರು ಕೆರೆಗಳ ವಿಷಯ. ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು, ಆದರೆ ಸರದಿ ತಪ್ಪಿದರೆ ಮೂರೂ ಕೆಡುತ್ತವೆ.

ಬೆಳಗಿನ ಜಾವ ಕುಕ್ಕರಹಳ್ಳಿಗೆ ಮೀಸಲು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಈಗ ಮೈಸೂರು ವಿಶ್ವವಿದ್ಯಾನಿಲಯದ ಉಸ್ತುವಾರಿಯಲ್ಲಿದೆ. ಕುವೆಂಪು ವಾಯುವಿಹಾರ ಮಾಡುತ್ತಿದ್ದ ದಂಡೆಯಿದು. ರೈಲು ನಿಲ್ದಾಣದಿಂದ ಎರಡು ಕಿಲೋಮೀಟರ್ ಆಸುಪಾಸು, ಆಟೋದಲ್ಲಿ ಹತ್ತು ನಿಮಿಷವೂ ಬೇಡ. ಉತ್ತರಕ್ಕೆ ಹುಣಸೂರು ರಸ್ತೆ ಮತ್ತು ಕಲಾಮಂದಿರ, ಪಶ್ಚಿಮಕ್ಕೆ ಮಾನಸಗಂಗೋತ್ರಿ, ಪೂರ್ವಕ್ಕೆ ಚಾಮರಾಜನಗರದ ರೈಲುಹಳಿ, ದಕ್ಷಿಣಕ್ಕೆ ಬೋಗಾದಿ ರಸ್ತೆಯ ಕಡೆ. ಈ ದಿಕ್ಕುಗಳನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಬೆಳಕಿನ ಲೆಕ್ಕಾಚಾರವೆಲ್ಲ ಇವುಗಳ ಮೇಲೆಯೇ ನಿಂತಿದೆ. ಹುಣಸೂರು ರಸ್ತೆಯ ಕಡೆಯಿಂದ ಒಳಗೆ ಬಂದು ಕೆರೆಗೆ ಮುಖಮಾಡಿ ನಿಂತರೆ ಎಡಕ್ಕೆ ತಿರುಗಿ. ಆಗ ಮೊದಲ ಒಂದು ಗಂಟೆ ನೀವು ಪೂರ್ವದ ದಂಡೆಯಲ್ಲಿರುತ್ತೀರಿ, ಸೂರ್ಯ ಬೆನ್ನಿಗಿರುತ್ತಾನೆ, ಕೆರೆ ಬಲಗೈ ಪಕ್ಕದಲ್ಲಿರುತ್ತದೆ, ಹಕ್ಕಿಯ ಮೇಲೆ ನೇರ ಬೆಳಕು ಬೀಳುತ್ತದೆ. ಬಲಕ್ಕೆ ತಿರುಗಿದವರು ಮಾನಸಗಂಗೋತ್ರಿಯ ಕಡೆಯ ದಂಡೆಯಲ್ಲಿ ನಿಂತು, ಏಳುವ ಸೂರ್ಯನಿಗೆ ಎದುರಾಗಿ ನೋಡುತ್ತ ಪ್ರತಿ ಹಕ್ಕಿಯನ್ನೂ ಕಪ್ಪು ನೆರಳಾಗಿಯೇ ಕಾಣುತ್ತಾರೆ. ಬಣ್ಣವೇ ಕಾಣದ ಮೇಲೆ ನೀರುಕಾಗೆ ಯಾವುದು, ಹಾವಕ್ಕಿ ಯಾವುದು ಎಂದು ಹೇಳುವುದು ಹೇಗೆ?

ದಂಡೆಯ ಸುತ್ತಳತೆ ಸುಮಾರು 5 ಕಿ.ಮೀ. ವಾಯುವಿಹಾರಿಗಳು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ನಿಂತು ನೋಡುವವರಿಗೆ ಎರಡೂವರೆ ಗಂಟೆ ಬೇಕು. ಜನವರಿ, ಫೆಬ್ರವರಿಯಲ್ಲಿ ಸೂರ್ಯೋದಯ ಆರೂಮುಕ್ಕಾಲರ ಆಸುಪಾಸು, ಬೇಸಿಗೆ ಕೊನೆಗೆ ಆರಕ್ಕೂ ಮುಂಚೆ. ಸೂರ್ಯ ಹುಟ್ಟುವುದಕ್ಕೆ ಕಾಲು ಗಂಟೆ ಮೊದಲೇ ಒಳಗಿದ್ದರೆ ರಾತ್ರಿ ಬಕಗಳು ಬೇಟೆ ಮುಗಿಸಿ ಮರಕ್ಕೆ ವಾಪಸಾಗುವುದನ್ನು, ಬೆಳ್ಳಕ್ಕಿಗಳು ಗುಂಪುಗುಂಪಾಗಿ ಹೊರಡುವುದನ್ನು ನೋಡಬಹುದು. ಬಾಗಿಲು ಬೆಳಿಗ್ಗೆ ಮತ್ತು ಸಂಜೆಯ ವಾಯುವಿಹಾರದ ಹೊತ್ತಿಗೆ ಹೊಂದಿಕೊಂಡು ತೆರೆಯುತ್ತದೆ, ವೇಳೆ ಆಗಾಗ ಬದಲಾಗುತ್ತದೆ. ಹಿಂದಿನ ಸಂಜೆಯೇ ಒಮ್ಮೆ ಹೋಗಿ ಫಲಕ ನೋಡಿಬಂದರೆ ಜಾವದಲ್ಲಿ ಬಾಗಿಲ ಮುಂದೆ ಕಾಯುವುದು ತಪ್ಪುತ್ತದೆ. ಬೆಂಗಳೂರಿನಿಂದ ಅದೇ ದಿನ ಬೆಳಿಗ್ಗೆ ಹೊರಟು ಬರುವವರಿಗೆ ಈ ಹೊತ್ತು ಸಿಗುವುದಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯುವುದು ಮೇಲು. ಬೈಕಿನಲ್ಲಿ ಬರುವವರು ಇನ್ನೊಂದು ತಿಳಿದಿರಲಿ: ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಅದಕ್ಕೆ ತಕ್ಕಂತೆ ಹೊತ್ತು ಹೆಚ್ಚು ಇಟ್ಟುಕೊಳ್ಳಿ.

ದ್ವೀಪದ ಮರಗಳಲ್ಲಿ ಹೆಜ್ಜಾರ್ಲೆ ಗೂಡುಗಳಿದ್ದರೆ ಅಲ್ಲಿ ಇಪ್ಪತ್ತು ನಿಮಿಷವಾದರೂ ನಿಲ್ಲಿ. ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಮೌನವಾಗಿರುತ್ತವೆ, ಗದ್ದಲವೆಲ್ಲ ಮರಿಗಳದ್ದು. ತಾಯಿಯೋ ತಂದೆಯೋ ಬಂದಿಳಿದ ಕೂಡಲೇ ಮರಿ ಅದರ ಗಂಟಲ ಚೀಲದೊಳಗೆ ತಲೆಯಷ್ಟೇ ಅಲ್ಲ, ಕತ್ತನ್ನೂ ತೂರಿಸಿ ಮೀನು ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಚೀಲ ಒಳಗಿಂದ ಗುದ್ದಿಸಿಕೊಂಡಂತೆ ಉಬ್ಬುತ್ತ ತಗ್ಗುತ್ತ ಇರುತ್ತದೆ. ಇದನ್ನು ನೋಡಲು ಹತ್ತಿರ ಹೋಗುವ ಅಗತ್ಯವಿಲ್ಲ, ದುರ್ಬೀನಿನಲ್ಲಿ ದಂಡೆಯಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಗಲಾಟೆಗೆ ಹೆದರಿ ದೊಡ್ಡ ಹಕ್ಕಿ ಗೂಡು ಬಿಟ್ಟು ಹಾರಿತೋ, ಕಾಗೆ ಮತ್ತು ಹದ್ದುಗಳು ಮೊಟ್ಟೆ ಕದಿಯಲು ಅಷ್ಟು ಹೊತ್ತೇ ಸಾಕು. ಗೂಡಿನ ಮೇಲೆ ಡ್ರೋನ್ ಹಾರಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಎಂಟೂವರೆ, ಒಂಬತ್ತಕ್ಕೆ ಸರಸ್ವತಿಪುರಂ ಕಡೆ ಹೊರಬಂದು ತಿಂಡಿ ಮುಗಿಸಿ ಕಾರಂಜಿಗೆ ಹೊರಡಿ. ಮೃಗಾಲಯದ ಪಕ್ಕದಲ್ಲೇ ಇರುವ ಈ ಕೆರೆ 1976ರಿಂದ ಮೃಗಾಲಯದ ಆಡಳಿತದಲ್ಲಿದೆ. ಟಿಕೆಟ್ ಉಂಟು. ತೆರೆಯುವುದು ಬೆಳಿಗ್ಗೆ 8.30ಕ್ಕೆ, ಮುಚ್ಚುವುದು ಸಂಜೆ 5.30ಕ್ಕೆ, ಮಂಗಳವಾರ ರಜೆ. ಕೆರೆಯ ದಂಡೆಯಲ್ಲೇ ಇರುವ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಮಕ್ಕಳನ್ನು ಕರೆತಂದು ಎರಡನ್ನೂ ತೋರಿಸಬೇಕೆಂದರೆ ಸೋಮವಾರ, ಮಂಗಳವಾರ ಬಿಟ್ಟು ದಿನ ಆರಿಸಿ. ಭಾನುವಾರ ಮತ್ತು ದಸರೆಯ ದಿನಗಳಲ್ಲಿ ಮೃಗಾಲಯದ ಜನಜಂಗುಳಿಯೆಲ್ಲ ಇಲ್ಲಿಗೇ ಹರಿದುಬರುತ್ತದೆ, ಬುಧವಾರ-ಗುರುವಾರ ಹಾಯಾಗಿರುತ್ತದೆ.

ಕೆರೆಯ ಒಟ್ಟು ವಿಸ್ತಾರ ಸುಮಾರು 90 ಹೆಕ್ಟೇರ್, ಅದರಲ್ಲಿ ನೀರು ಹರಡುವುದು 55 ಹೆಕ್ಟೇರ್. ಒಳಗೆ ದೋಣಿವಿಹಾರ, ಚಿಟ್ಟೆ ಉದ್ಯಾನ, ಒಳಗೆ ನಡೆದಾಡಬಹುದಾದ ದೊಡ್ಡ ಹಕ್ಕಿಮನೆ ಎಲ್ಲ ಇವೆ. ಹಕ್ಕಿಮನೆ 60 ಮೀಟರ್ ಉದ್ದ, 20 ಮೀಟರ್ ಎತ್ತರ. ಮಕ್ಕಳಿಗೆ ಅದೇ ದೊಡ್ಡ ಆಕರ್ಷಣೆ, ಆದರೆ ಮೊದಲು ಅಲ್ಲಿಗೇ ಹೋಗಬೇಡಿ. ಪಂಜರದ ಹಕ್ಕಿ ಮಧ್ಯಾಹ್ನವೂ ಅಲ್ಲೇ ಇರುತ್ತದೆ. ಕೆರೆಯ ಹಕ್ಕಿ ಬಿಸಿಲೇರಿದ ಮೇಲೆ ರೆಂಬೆಯ ನೆರಳು ಸೇರುತ್ತದೆ. ಮೊದಲು ದಂಡೆಯ ದಾರಿ ಹಿಡಿದು ದ್ವೀಪಗಳ ಮೇಲಿನ ಕೊಕ್ಕರೆ ಗೂಡುಗಳನ್ನು ನೋಡಿ, ಹನ್ನೊಂದರ ನಂತರ ಹಕ್ಕಿಮನೆಗೆ ಬನ್ನಿ. ಕುಕ್ಕರಹಳ್ಳಿಗಿಂತ ಇಲ್ಲಿ ಮರಗಳು ಹತ್ತಿರ, ನೆರಳು ಹೆಚ್ಚು, ಕೂರುವುದಕ್ಕೂ ಜಾಗವಿದೆ. ಹಿರಿಯರು, ಸಣ್ಣ ಮಕ್ಕಳು ಜೊತೆಗಿದ್ದರೆ ಬೇರೆ ಎರಡು ಕೆರೆಗಳನ್ನು ಬಿಟ್ಟು ಇದೊಂದನ್ನೇ ಎಂಟೂವರೆಯಿಂದ ನಿಧಾನವಾಗಿ ನೋಡುವುದು ಜಾಣತನ.

ಹನ್ನೆರಡರಿಂದ ನಾಲ್ಕರವರೆಗೆ ಯಾವ ಕೆರೆಯೂ ಬೇಡ. ಊಟ ಮಾಡಿ ಮಲಗಿ.

ಸಂಜೆ ನಾಲ್ಕೂವರೆಗೆ ಲಿಂಗಾಂಬುಧಿ. ನಗರದ ನೈಋತ್ಯಕ್ಕೆ, ರಾಮಕೃಷ್ಣನಗರದ ಆಚೆ. 1828ರಲ್ಲಿ ಮುಮ್ಮಡಿಯವರೇ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆ, ಈಗ ಅರಣ್ಯ ಇಲಾಖೆಯದು. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ, ಕಾರಣ ಆಳ ಕಡಿಮೆ. ಕೆರೆಯಂಗಳ ಚಪ್ಪಟೆಯಾಗಿರುವುದರಿಂದ ಅರ್ಧ ಅಡಿ ನೀರು ಇಳಿದರೂ ಅಗಲವಾದ ಕೆಸರುಬಯಲು ತೆರೆದುಕೊಳ್ಳುತ್ತದೆ, ಗದ್ದೆಗೊರವಗಳಿಗೂ ಬಾತುಗಳಿಗೂ ಅದೇ ಬೇಕು. ಅದೇ ಕಾರಣಕ್ಕೆ ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಪೂರ್ತಿ ಒಣಗಿದ್ದೂ ಉಂಟು. ಏಪ್ರಿಲ್‌ನಲ್ಲಿ ಬರುವುದಾದರೆ ಇ-ಬರ್ಡ್ ನೋಡದೆ ಇಲ್ಲಿಗೆ ಆಟೋ ಹತ್ತಬೇಡಿ. ಸಂಜೆ ಬೆಳಕು ಪಶ್ಚಿಮದಿಂದ ಬರುವುದರಿಂದ ಬೆಳಗಿನ ಲೆಕ್ಕ ತಿರುವುಮುರುವು: ಪಶ್ಚಿಮದ ದಂಡೆಯಲ್ಲಿ ನಿಂತು ಪೂರ್ವಕ್ಕೆ ನೋಡಬೇಕು.

ಪಟ್ಟೆತಲೆ ಹೆಬ್ಬಾತು ನೋಡಬೇಕೆಂದು ಹಲವರು ಮೈಸೂರಿಗೆ ಬರುತ್ತಾರೆ. ಹಿಮಾಲಯ ದಾಟಿ ಬರುವ ಆ ಹಕ್ಕಿಗಳು ಚಳಿಗಾಲದಲ್ಲಿ ಇಳಿಯುವುದು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯಂಥ ಕಡೆ, ನಗರದೊಳಗಿನ ಕೆರೆಗಳಲ್ಲಲ್ಲ. ಅದಕ್ಕೆ ಇನ್ನೊಂದು ದಿನ ಇಡಿ.

ದುರ್ಬೀನಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅಂಗಡಿಯವರು ಹೆಚ್ಚು ಪಟ್ಟು ದೊಡ್ಡದು ಮಾಡುವುದೇ ಒಳ್ಳೆಯದೆಂದು ಮಾರುತ್ತಾರೆ. ಕೆರೆಗೆ 8×42 ಸರಿಯಾದ ಅಳತೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಡಿಯ ಅಗಲ ಸಿಗುತ್ತದೆ: 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ. ಜಾವದ ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚುಕಡಿಮೆ ಅಷ್ಟೇ ತೆರೆದಿರುತ್ತದೆ. 10×25ರಂಥ ಜೇಬಿನ ದುರ್ಬೀನಿನಲ್ಲಿ ಇದು 2.5 ಮಿ.ಮೀ. ಮಾತ್ರ, ಹಾಗಾಗಿ ಬೆಳಿಗ್ಗೆ ಆರೂವರೆಗೆ ಅದರಲ್ಲಿ ಎಲ್ಲ ಕತ್ತಲೆ. ಹತ್ತು ಪಟ್ಟಿನದರಲ್ಲಿ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ, ನೋಟದ ಅಗಲ ಕಿರಿದಾಗುತ್ತದೆ, ಹಾರುವ ಹಕ್ಕಿ ಕೈತಪ್ಪುತ್ತದೆ.

ಎ.ಸಿ. ಕೋಣೆಯಿಂದ ದುರ್ಬೀನು, ಕ್ಯಾಮೆರಾ ನೇರವಾಗಿ ಕೆರೆದಂಡೆಗೆ ತಂದರೆ ತಣ್ಣನೆಯ ಗಾಜಿನ ಮೇಲೆ ತೇವ ಕೂತು ಮಂಜಾಗುತ್ತದೆ. ಒರೆಸಿದರೂ ಮತ್ತೆ ಕೂರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೀಲದ ಸಮೇತ ಕೋಣೆಯ ಹೊರಗಿಡಿ. ಇನ್ನು ಹತ್ತು ಗಂಟೆಯ ಮೇಲೆ ತೆಗೆದ ಫೋಟೋಗಳೆಲ್ಲ ಮಸುಕಾಗಿವೆ ಎಂದರೆ ದೋಷ ಲೆನ್ಸಿನದಲ್ಲ. ನೀರು, ಕಲ್ಲು ಕಾದು ಮೇಲೇಳುವ ಬಿಸಿಗಾಳಿ ಬೆಳಕನ್ನು ಕದಡುತ್ತದೆ, ದೂರದ ಹಕ್ಕಿಯ ಅಂಚು ನಡುಗಿದಂತೆ ಬರುತ್ತದೆ. ಎಷ್ಟು ದುಡ್ಡಿನ ಲೆನ್ಸಾದರೂ ಅದಕ್ಕೆ ಪರಿಹಾರವಿಲ್ಲ, ಹತ್ತಿರದ ಹಕ್ಕಿಗೆ ಕಾಯಬೇಕು ಅಷ್ಟೆ. ಕಪ್ಪು ನೀರಿನ ಮೇಲಿನ ಬೆಳ್ಳಕ್ಕಿ ಗರಿಯ ಗೆರೆಯೇ ಇಲ್ಲದೆ ಸುಣ್ಣ ಬಳಿದಂತೆ ಬಂದರೆ ಎಕ್ಸ್‌ಪೋಷರನ್ನು ಮೈನಸ್ 0.7 ಅಥವಾ 1ಕ್ಕೆ ಇಳಿಸಿ. ಹಾರುವ ಹಕ್ಕಿಗೆ ಶಟರ್ ವೇಗ 1/1600ಕ್ಕಿಂತ ಕಡಿಮೆಯಾಗದಿರಲಿ.

ಹೊಸಬರು ಹೆಚ್ಚು ತಡವರಿಸುವುದು ಎರಡು ಕಡೆ. ನೀರುಕಾಗೆ ಈಜುವಾಗ ಬೆನ್ನು ನೀರಿನ ಮೇಲಿರುತ್ತದೆ, ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಹಾವಕ್ಕಿಯ ಮೈ ಪೂರ್ತಿ ಮುಳುಗಿ ಕತ್ತು ಮಾತ್ರ ಮೇಲೆ ಕಾಣುತ್ತದೆ, ಕೊಕ್ಕು ಭರ್ಜಿಯಂತೆ ನೇರ. ಎರಡೂ ರೆಕ್ಕೆ ಬಿಚ್ಚಿ ಒಣಗಿಸುತ್ತವೆ, ಯಾಕೆಂದರೆ ಅವುಗಳ ಗರಿ ಬಾತಿನ ಗರಿಯಂತೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಗರಿ ನೆನೆದರೆ ಮೈ ಭಾರವಾಗಿ ಮುಳುಗುವುದು ಸುಲಭ. ಬೆಳ್ಳಕ್ಕಿಗಳಲ್ಲಿ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ ಇದ್ದರೆ ಅದು ಸಣ್ಣ ಬೆಳ್ಳಕ್ಕಿ. ಬಾಯಿಯ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡದು. ಕಣ್ಣಿನ ಕೆಳಗೇ ನಿಂತರೆ ನಡುವಣದು. ಪಾದ ನೋಡಲು ಅದು ಕಾಲೆತ್ತುವವರೆಗೆ ಕಾಯಿರಿ.

ಏಪ್ರಿಲ್-ಮೇಯಲ್ಲಿ ಮೊದಲ ದೊಡ್ಡ ಮಳೆಯ ಮರುದಿನ ಬಂದರೆ ದುರ್ವಾಸನೆ, ತೇಲುವ ಸತ್ತ ಮೀನು ಕಾಣಬಹುದು. ಕುಕ್ಕರಹಳ್ಳಿಗೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ತುಂಡುತುಂಡಾಗಿದೆ. ಒಳ್ಳೆಯ ನೀರು ಬರುವ ದಾರಿ ಕಟ್ಟಿತು, ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕಿದಾಗ ಕೊಳಚೆ ಬರುವ ದಾರಿ ಮಾತ್ರ ತೆರೆದುಕೊಂಡಿತು. ಕೊಳಚೆಯ ರಂಜಕ, ಸಾರಜನಕ ಪಾಚಿಗೆ ಗೊಬ್ಬರ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಬಳಸುತ್ತದೆ. ಅದರ ಮೇಲೆ ಮಳೆಗೆ ತಳದ ಹೂಳು ಕದಡಿದರೆ ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಆಮ್ಲಜನಕವೇ ಉಳಿಯುವುದಿಲ್ಲ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಅದು ಉಸಿರಿಗೆ ಪರದಾಡುತ್ತಿದೆ ಎಂದರ್ಥ. ಪುರಿ, ಬ್ರೆಡ್ಡು ಎಸೆಯಬೇಡಿ ಎನ್ನುವುದೂ ಇದಕ್ಕೇ. ಮೀನು ತಿಂದು ಉಳಿದದ್ದು ನೀರಿನಲ್ಲೇ ಕೊಳೆತು ಅದೇ ಆಮ್ಲಜನಕವನ್ನು ನುಂಗುತ್ತದೆ. ಇಂಥದ್ದು ಕಂಡರೆ ಜಾಗ, ಹೊತ್ತು ಗೊತ್ತಾಗುವಂತೆ ಫೋಟೋ ತೆಗೆದು ಕೆರೆಯ ಉಸ್ತುವಾರಿಯವರಿಗೆ ಆಗಲೇ ತಿಳಿಸಿ, ಮರುದಿನದ ಹೊತ್ತಿಗೆ ಗುರುತು ಉಳಿದಿರುವುದಿಲ್ಲ.

ಗಾಳದ ದಾರ ಸುತ್ತಿಕೊಂಡ ಹಕ್ಕಿ ಸಿಕ್ಕರೆ ದಾರ ಹಿಡಿದು ಎಳೆಯಬೇಡಿ, ಕೊಕ್ಕೆ ಇನ್ನೂ ಆಳಕ್ಕೆ ಹೋಗುತ್ತದೆ. ಟವೆಲ್ಲು ಹೊದಿಸಿ ತಲೆ ಮುಚ್ಚಿದರೆ ಹಕ್ಕಿ ಸುಮ್ಮನಾಗುತ್ತದೆ. ಬಕ, ಹಾವಕ್ಕಿ ಮುಖಕ್ಕೆ ಕುಕ್ಕುತ್ತವೆ, ಹಾಗಾಗಿ ಮುಖ ದೂರವಿರಲಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ಕರೆಮಾಡಿ, ಬಾಯಿಗೆ ನೀರು ಹಾಕಬೇಡಿ.

ಚೀಲದಲ್ಲಿ ಒಂದು ಲೀಟರ್ ನೀರು ಸ್ಟೀಲ್ ಬಾಟಲಿಯಲ್ಲಿ, ಟೋಪಿ, ಸಂಜೆಗೆ ಸೊಳ್ಳೆ ಮುಲಾಮು, ಇಷ್ಟಿರಲಿ. ಬಟ್ಟೆ ಮಾಸಲು ಹಸಿರು, ಕಂದು ಬಣ್ಣದ್ದಾದರೆ ಒಳ್ಳೆಯದು. ಜೊಂಡು ಬೆಳೆದ ಕಡೆ ದಾರಿ ಬಿಟ್ಟು ಇಳಿಯಬೇಡಿ, ಹಾವಿರುತ್ತವೆ, ನೇರಳೆ ಜಂಬುಕೋಳಿಯ ಗೂಡೂ ಅಲ್ಲೇ ಇರುತ್ತದೆ. ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ಉದ್ದ ಮಾಡಿ ನಿಮ್ಮನ್ನೇ ನೋಡುತ್ತಿದ್ದರೆ ನೀವು ಮಿತಿ ದಾಟಿದ್ದೀರಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದು ಮತ್ತೆ ಮೇಯತೊಡಗುತ್ತದೆ.

ನೋಡಿದ್ದನ್ನು ಇ-ಬರ್ಡ್‌ಗೆ ಹಾಕುವಾಗ ಮೂರು ಕೆರೆಗೂ ಬೇರೆಬೇರೆ ಪಟ್ಟಿ ಮಾಡಿ, ಶುರುಮಾಡಿದ ಹೊತ್ತು ಮತ್ತು ನಡೆದ ದೂರ ಬರೆಯಿರಿ. ದೊಡ್ಡ ಗುಂಪಿದ್ದರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ನೋಡಿ, ಅದೇ ಅಳತೆಯಲ್ಲಿ ಉಳಿದ ಗುಂಪನ್ನು ಹತ್ತುಹತ್ತಾಗಿ ಅಳೆಯಿರಿ. ಕಾರಂಜಿಯ ಹಕ್ಕಿಮನೆಯ ಹಕ್ಕಿಗಳನ್ನು ಸೇರಿಸಬೇಡಿ. ಟಿಪ್ಪಣಿಯ ಜಾಗದಲ್ಲಿ ಒಂದು ಸಾಲು ಬರೆಯಲು ಮರೆಯದಿರಿ: ನೀರು ಬಿಳಿ ಪಟ್ಟಿಯಿಂದ ಎಷ್ಟು ಅಡಿ ಕೆಳಗಿದೆ, ಯಾವ ದಂಡೆಯಲ್ಲಿ ಕೆಸರು ತೆರೆದಿದೆ. ಮುಂದಿನ ವಾರ ಬರುವವರು ಹುಡುಕುವುದು ಆ ಸಾಲನ್ನೇ.